ಎರಡು ಪಾನ್ ಕೊಟ್ಟು ಆಡಿದ ಆಟ

ಚೆಸ್‌ನಲ್ಲಿ ನನ್ನ ಇ4ಕ್ಕೆ ಇ6 ಎಂಬ ಉತ್ತರ, ಅಂದರೆ ಫ್ರೆಂಚ್ ಡಿಫೆನ್ಸ್, ಬಂದರೆ ನಾನು ಮಿಲ್ನರ್-ಬ್ಯಾರಿ ಗ್ಯಾಂಬಿಟ್ ಆಡುತ್ತೇನೆ. ಗ್ಯಾಂಬಿಟ್ ಅಂದರೆ ಪಾನ್ (ಕಾಲಾಳು) ಬಿಟ್ಟುಕೊಟ್ಟು ದಾಳಿಗೆ ಸಮಯ ಕೊಳ್ಳುವ ಓಪನಿಂಗ್, ಆಟದ ಆರಂಭದ ನಡೆಗಳ ಕ್ರಮ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಸಂಕೇತ ಒಡೆಯುವ ಕೆಲಸ ಮಾಡಿದ ಬ್ರಿಟಿಷ್ ಆಟಗಾರ ಸ್ಟುವರ್ಟ್ ಮಿಲ್ನರ್-ಬ್ಯಾರಿ ಹೆಸರಿನ ಓಪನಿಂಗ್ ಇದು.

ಮೈಸೂರಿನಲ್ಲಿ ನಡೆದ, ಕಡಿಮೆ ಸಮಯದಲ್ಲಿ ಆಡುವ ಒಂದು ರ‍್ಯಾಪಿಡ್ ಟೂರ್ನಿಯಲ್ಲಿ ನನಗೆ ಬಿಳಿ ಕಾಯಿ ಸಿಕ್ಕಿತ್ತು. ಎದುರಿಗೆ ಕಾಲೇಜು ಹುಡುಗ. ನಡೆಗಳನ್ನು ಮನೆಯ ಅಕ್ಷರ, ಅಂಕಿಯಿಂದ ಹೇಳುತ್ತೇನೆ, ಮೊದಲು ನನ್ನದು, ಆಮೇಲೆ ಅವನದು: ಇ4 ಇ6, ಡಿ4 ಡಿ5, ಇ5 ಸಿ5, ಸಿ3. ಆಮೇಲೆ ಎರಡೂ ಕಡೆ ಕುದುರೆ ಹೊರಬಂದವು. ಅವನ ರಾಣಿ ಬಿ6ಕ್ಕೆ ಬಂತು, ನನ್ನ ಬಿಷಪ್ ಡಿ3ಕ್ಕೆ. ಡಿ4ರಲ್ಲಿ ಪಾನ್ ಬದಲಾದವು, ಅಂದರೆ ಒಬ್ಬರದನ್ನೊಬ್ಬರು ತಿಂದೆವು. ಆಗ ಅವನು ಬಿಷಪ್ಪನ್ನು ಡಿ7ಕ್ಕೆ ತಂದ. ಆ ನಡೆ ಬೇಕೇ ಬೇಕು. ಅದಿಲ್ಲದೆ ಡಿ4 ಪಾನ್ ತಿಂದರೆ, ಕುದುರೆಗಳು ಬದಲಾದ ಮೇಲೆ ಬಿಷಪ್ ಬಿ5 ಚೆಕ್, ಬಿಷಪ್ ಸರಿದ ದಾರಿಯಲ್ಲಿ ನನ್ನ ರಾಣಿಯ ಏಟು ಬಿದ್ದು ಕಪ್ಪು ರಾಣಿ ಹೋಯಿತು.

ನಾನು ಕ್ಯಾಸಲಿಂಗ್ ಮಾಡಿದೆ, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಮೂಲೆಯ ಕಡೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತಂದೆ. ಅವನು ಡಿ4 ತಿಂದ, ಕುದುರೆಗಳು ಬದಲಾದವು, ರಾಣಿ ಡಿ4ಕ್ಕೆ ಬಂತು. ನಾನು ಕುದುರೆ ಸಿ3. ಅವನು ಇ5 ಪಾನನ್ನೂ ತಿಂದ. ನನಗೆ ಬೇಕಾದದ್ದು ಇದೇ! ಆನೆ ಇ1ಕ್ಕೆ ಬಂದರೆ ರಾಣಿ ಓಡಲೇಬೇಕು. ಅದು ಸರಿದ ಕೂಡಲೇ ಇ6 ಪಾನ್ ರಾಜನ ಮುಂದೆ ಪಿನ್ ಆಗುತ್ತದೆ, ಅಂದರೆ ಅದು ಆ ಸಾಲು ಬಿಟ್ಟರೆ ಹಿಂದಿನ ರಾಜನಿಗೆ ಏಟು. ಎರಡು ಪಾನ್ ಕೊಟ್ಟು ಕೊಂಡ ಸಮಯ ಅಂದರೆ ಇಷ್ಟೇ, ಆದರೆ ರ‍್ಯಾಪಿಡ್‌ನಲ್ಲಿ ಇದು ತುಂಬಾ ಜಾಸ್ತಿ.

ರಾಣಿ ಡಿ6ಕ್ಕೆ ಹೋಯಿತು. ಕುದುರೆ ಬಿ5, ಮತ್ತೆ ರಾಣಿಗೇ ಏಟು. ಅವನು ಬಿಷಪ್‌ನಿಂದ ಕುದುರೆ ತೆಗೆದ. ನಾನು ಬಿಷಪ್‌ನಿಂದ ತಿಂದು ಚೆಕ್ ಕೊಟ್ಟೆ. ರಾಜ ಡಿ8ಕ್ಕೆ ಸರಿದ, ಅವನ ಕ್ಯಾಸಲಿಂಗ್ ಅವಕಾಶ ಹೋಯಿತು, ಎಫ್7 ಪಾನಿಗೆ ಕಾವಲಿಲ್ಲ. ರಾಣಿ ಎಚ್5 ಆಡಿದೆ. ಅವನು ಕುದುರೆಯನ್ನು ಎಚ್6ಕ್ಕೆ ತಂದು ಕಾಯ್ದ. ಆ ಕುದುರೆಯನ್ನು ಬಿಷಪ್‌ನಿಂದ ತೆಗೆದು, ರಾಣಿಯಿಂದ ಎಫ್7 ತಿಂದೆ. ಅವನು ಬಿಷಪ್ ಇ7. ನಾನು ಆನೆಯಿಂದ ಇ6 ತಿಂದೆ. ಅವನ ರಾಣಿ ಆ ಆನೆಯನ್ನು ತೆಗೆಯಿತು, ನನ್ನ ರಾಣಿ ಆ ರಾಣಿಯನ್ನು ತೆಗೆಯಿತು. ಮುಂದೆ ಡಿ7ರಲ್ಲಿ ಮೇಟ್ ಬೆದರಿಕೆ. ಅವನು ಸೋಲೊಪ್ಪಿ, ಕೈ ಕುಲುಕಿ ಎದ್ದ.

ಹೊರಗೆ ಕೂತು ಇಬ್ಬರೂ ಇ5 ತಿನ್ನುವ ಬದಲು ಎ6 ಹಾಕಿ ನೋಡಿದೆವು. ಕಪ್ಪಿಗೆ ಅದೇ ಗಟ್ಟಿ ನಡೆ, ಕುದುರೆಗೆ ಬಿ5 ಸಿಗುವುದಿಲ್ಲ. ಆಗ ಬಿಳಿ ರಾಣಿ ಇ2ಕ್ಕೆ ಬಂದು ಇ5 ಕಾಯಬೇಕು. ಎಫ್4 ತಳ್ಳುವ ಮೊದಲು ರಾಜ ಎಚ್1ಕ್ಕೆ ಹೋಗಬೇಕು, ಯಾಕೆಂದರೆ ಡಿ4ರ ರಾಣಿ ಎಫ್2 ಪಾನನ್ನು ಪಿನ್ ಮಾಡಿರುತ್ತದೆ. ಅಷ್ಟರಲ್ಲಿ ಕಪ್ಪು ಕುದುರೆ ಇ7 ದಾಟಿ ಸಿ6 ಸೇರುತ್ತದೆ. ಆ ಆಟ ನಿಧಾನದ್ದು, ಕಷ್ಟದ್ದು. ಆದರೂ ನಾನು ಬಿಳಿ ಕಡೆಯೇ ಕೂರುತ್ತೇನೆ.