ಆಡಿಯೋ ಪ್ರಾಜೆಕ್ಟಿನ ಬಿಡಿಭಾಗ: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಪುಟ್ಟ ಪ್ರೀಆಂಪ್ (ಆಂಪ್ಲಿಫೈಯರಿಗೆ ಹೋಗುವ ಮೊದಲು ಸಣ್ಣ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್) ಕಟ್ಟಲು ಹೊರಟವರು ಐಸಿ, ರೆಸಿಸ್ಟರ್ ಎಲ್ಲಿ ಅಗ್ಗಕ್ಕೆ ಸಿಗುತ್ತವೆ ಅಂತ ಗಂಟೆಗಟ್ಟಲೆ ಹುಡುಕುತ್ತಾರೆ. ಆದರೆ ದುಡ್ಡು ಹೋಗುವುದು ಅಲ್ಲಿ ಅಲ್ಲ. ಟ್ರಾನ್ಸ್‌ಫಾರ್ಮರ್, ಪೆಟ್ಟಿಗೆ, ಹೀಟ್‌ಸಿಂಕ್, ಸ್ವಿಚ್, ಜಾಕ್, ವಾಲ್ಯೂಮ್ ಪಾಟ್ (ನಾಬ್ ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್), ಜೊತೆಗೆ ಪಾರ್ಸೆಲ್ ಖರ್ಚು, ಬಿಲ್ಲಿನ ದೊಡ್ಡ ಪಾಲು ಇವೇ ನುಂಗುತ್ತವೆ. ಉಳಿಸುವುದಿದ್ದರೆ ಇಲ್ಲಿ ಉಳಿಸಿ.

ಕೆಟ್ಟುಹೋದ ಹಳೇ ಆಂಪ್ಲಿಫೈಯರ್ ಯಾರಾದರೂ ಕೊಟ್ಟರೆ ಬೇಡ ಅನ್ನಬೇಡಿ. ಅದರ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ಪೆಟ್ಟಿಗೆ, ನಾಬ್ ಎಲ್ಲವೂ ಕೆಲಸಕ್ಕೆ ಬರುತ್ತವೆ. ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಇದ್ದರೆ ಟಿಪಿಎ3116 ಆಂಪ್ಲಿಫೈಯರ್ ಚಿಪ್ಪಿನ ಬೋರ್ಡಿಗೆ ಅದೇ ಪವರ್ ಸಪ್ಲೈ, ಆ ಚಿಪ್ 26 ವೋಲ್ಟ್‌ವರೆಗೂ ನಡೆಯುತ್ತದೆ. ಹಳೇ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಮಾತ್ರ ಬಿಚ್ಚಿ ಬಳಸಬೇಡಿ, ಒಳಗೆ ಒಣಗಿರುತ್ತವೆ. ಇನ್ನೊಂದು, ಎಸ್‌ಎಂಪಿಎಸ್ (ಅಡಾಪ್ಟರ್ ಒಳಗಿರುವ ಥರದ ಸ್ವಿಚಿಂಗ್ ಪವರ್ ಸಪ್ಲೈ) ಬಿಚ್ಚುವಾಗ ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು. ಮೀಟರ್ ಇಟ್ಟು ನೋಡದೆ ಕೈ ಹಾಕಲೇಬೇಡಿ.

ಚಿಪ್ ವಿಷಯಕ್ಕೆ ಬಂದರೆ, ಟಿಎಲ್072 ಮತ್ತು ಎನ್‌ಇ5532 ಎಂಬ ಆಪ್‌ಆಂಪ್‌ಗಳು (ಸಿಗ್ನಲ್ ಹಿಗ್ಗಿಸುವ ಐಸಿಗಳು) ಸಾಕು. ನಿಜವಾಗಿಯೂ ಸಾಕು. ಎರಡೂ ದಶಕಗಳಿಂದ ತಯಾರಾಗುತ್ತಿವೆ, ಅಸಲಿಯೇ ತುಂಬಾ ಅಗ್ಗ. ದುಬಾರಿ ಆಪ್‌ಆಂಪ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕಂಡರೆ ಅನುಮಾನ ಪಡಿ, ಅಗ್ಗದ ಚಿಪ್ಪಿನ ಮೇಲಿನ ಬರಹ ಉಜ್ಜಿ ದುಬಾರಿ ನಂಬರ್ ಅಚ್ಚು ಹಾಕಿ ಮಾರುವುದು ಮಾಮೂಲಿ. ಒಪಿಎ627 ಆಪ್‌ಆಂಪ್, ಎಲ್‌ಎಂ3886 ಪವರ್ ಆಂಪ್ಲಿಫೈಯರ್ ಚಿಪ್, 2ಎಸ್‌ಸಿ5200 ಪವರ್ ಟ್ರಾನ್ಸಿಸ್ಟರ್, ಇವುಗಳ ನಕಲಿ ತುಂಬಾ ಓಡಾಡುತ್ತವೆ. ನಕಲಿ ಆಪ್‌ಆಂಪ್ ಸುಮ್ನೆ ಸದ್ದು ಹಾಳು ಮಾಡಬಹುದು, ಆದರೆ ನಕಲಿ ಪವರ್ ಟ್ರಾನ್ಸಿಸ್ಟರ್ ಸುಟ್ಟರೆ ಸ್ಪೀಕರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಇವನ್ನು ಮೌಸರ್, ಡಿಜಿಕೀ, ಫಾರ್ನೆಲ್ ಥರದ ಅಧಿಕೃತ ವಿತರಕರಿಂದಲೇ ತರಿಸಿ. ಅನುಮಾನ ಬಂದ ಆಪ್‌ಆಂಪನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಸಿಗ್ನಲ್ ಕೊಡದೆ ಅದು ಎಳೆಯುವ ಕರೆಂಟ್ ಅಳೆಯಿರಿ. ಎನ್‌ಇ5532 ಸಾಮಾನ್ಯವಾಗಿ 8 ಮಿಲಿಆಂಪಿಯರ್ ಆಸುಪಾಸು ಎಳೆಯುತ್ತದೆ, ಟಿಎಲ್072 ಮೂರಕ್ಕೂ ಕಡಿಮೆ. 5532 ಅಂತ ಬರೆದಿರುವ ಚಿಪ್ ಬರೀ ಎರಡೂವರೆ ಎಳೆದರೆ ಒಳಗಿರುವುದು ಬೇರೇನೋ, ಅಲ್ವಾ?

ರೆಸಿಸ್ಟರ್ ಬಿಡಿಬಿಡಿಯಾಗಿ ಕೊಳ್ಳಬೇಡಿ. 1% ಮೆಟಲ್ ಫಿಲ್ಮ್, ಇ12 ಸರಣಿಯ (ಸಾಮಾನ್ಯ ಬಳಕೆಯ ಪ್ರಮಾಣಿತ ಓಮ್ ಮೌಲ್ಯಗಳ) ಒಂದು ಕಿಟ್ ತೆಗೆದುಕೊಂಡರೆ ಬಹಳ ಕಾಲ ಬರುತ್ತದೆ. ಸಿಗ್ನಲ್ ದಾರಿಗೆ ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಹಾಕಿ, ಪಿಕೋಫ್ಯಾರಡ್ ಲೆಕ್ಕದ ಪುಟ್ಟ ಕೆಪಾಸಿಟರ್‌ಗಳಿಗೆ ಸಿ0ಜಿ ಎಂಬ ಸ್ಥಿರ ಬಗೆಯ ಸೆರಾಮಿಕ್. ಇನ್ನೊಂದು ಬಗೆಯಾದ ಎಕ್ಸ್‌7ಆರ್ ಸೆರಾಮಿಕ್‌ನ ಬೆಲೆ ಆಸೆ ಹುಟ್ಟಿಸುತ್ತದೆ, ಆದರೆ ವೋಲ್ಟೇಜ್ ಬದಲಾದಂತೆ ಅದರ ಕೆಪಾಸಿಟನ್ಸೂ ಬದಲಾಗುತ್ತದೆ, ಅದರಿಂದ ಡಿಸ್ಟಾರ್ಷನ್ ಬರುತ್ತದೆ. ಅದನ್ನು ಪವರ್ ಲೈನಿಗೆ ಇಟ್ಟುಕೊಳ್ಳಿ.

ಆರ್ಡರ್ ಮಾಡುವಾಗ ನಂಬರಿನ ಬಾಲ ಓದಿ. ಎನ್‌ಇ5532ಪಿ ಅಂದರೆ ಬ್ರೆಡ್‌ಬೋರ್ಡಿಗೆ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸುವ ಹಲಗೆ) ಕೂರುವ ಉದ್ದ ಕಾಲಿನ ಡಿಐಪಿ, ಎನ್‌ಇ5532ಡಿಆರ್ ಅಂದರೆ ಬೋರ್ಡಿನ ಮೇಲ್ಮೈಗೇ ಬೆಸುಗೆ ಹಾಕುವ ಪುಟಾಣಿ ಎಸ್‌ಎಂಡಿ. ಜೆ201 ಥರದ ಜೆಫೆಟ್‌ಗಳ (ಒಂದು ಬಗೆಯ ಟ್ರಾನ್ಸಿಸ್ಟರ್) ವಿಷಯದಲ್ಲಿ ಮಾತ್ರ ಎಸ್‌ಎಂಡಿಯನ್ನೇ ಹುಡುಕಿ. ಹಳೇ ಕಾಲಿನವು ಅಪರೂಪ, ನಕಲಿ ಜಾಸ್ತಿ. ಜೆ201ರ ಎಸ್‌ಎಂಡಿ ರೂಪವಾದ ಎಂಎಂಬಿಎಫ್‌ಜೆ201 ತಂದು ಅಡಾಪ್ಟರ್ ಬೋರ್ಡಿಗೆ ಬೆಸುಗೆ ಹಾಕಿದರೆ ಅದೇ ಕೆಲಸ ಆಗುತ್ತದೆ.

ಪಾರ್ಸೆಲ್ ಖರ್ಚು ತಗ್ಗಿಸಲು ಎರಡು ಮೂರು ಪ್ರಾಜೆಕ್ಟಿನ ಪಟ್ಟಿ ಒಟ್ಟು ಮಾಡಿ, ಗೆಳೆಯರನ್ನೂ ಸೇರಿಸಿಕೊಳ್ಳಿ. ವಿತರಕರಲ್ಲಿ 10 ಮತ್ತು 100ರ ಲೆಕ್ಕಕ್ಕೆ ಬೆಲೆ ಇಳಿಯುತ್ತದೆ, ಕೆಲವೊಮ್ಮೆ ಏಳೆಂಟು ಕೊಳ್ಳುವುದಕ್ಕಿಂತ ಹತ್ತು ಕೊಳ್ಳುವುದೇ ಅಗ್ಗ.

ಲಾಗ್ ಪಾಟ್ (ಕಿವಿಗೆ ಸದ್ದು ಸಮವಾಗಿ ಏರುವಂತೆ ಮಾಡುವ ವಾಲ್ಯೂಮ್ ಪಾಟ್) ಸಿಗದಿದ್ದರೆ ಅದೊಂದಕ್ಕಾಗಿ ಇನ್ನೊಂದು ಪಾರ್ಸೆಲ್ ತರಿಸಬೇಡಿ. 100ಕೆ ಲೀನಿಯರ್ ಪಾಟಿನ ನಡುವಿನ ಕಾಲಿನಿಂದ ಗ್ರೌಂಡಿಗೆ 15ಕೆ ರೆಸಿಸ್ಟರ್ ಹಾಕಿ, ವಾಲ್ಯೂಮ್ ಹೆಚ್ಚುಕಡಿಮೆ ಲಾಗ್ ಥರವೇ ಏರುತ್ತದೆ.