ಪತ್ರಾಸ್ ಮನೆಗೆ ಮೊದಲ ಬಿಳಿ ಬಣ್ಣ: ಬೇಸಿಗೆಗೆ ಮುನ್ನ ಓಣಿಯನ್ನು ಸಜ್ಜುಗೊಳಿಸುವ ಬಗೆ

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಆದರೆ ಕಾದ ಪತ್ರಾಸಿನ (ತಗಡಿನ ಸೂರಿನ) ಕೆಳಗೆ ಮಲಗುವವರಿಗೂ ಏರ್ ಕೂಲರ್ ಇರುವ ಮನೆಯವರಿಗೂ ಆ ಅಂಕಿಯ ಅರ್ಥ ಒಂದೇ ಅಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದ ಬಳಿಕ, ಆ ನಗರ 2013ರಲ್ಲಿ ಬಿಸಿಲಿನ ಸಾವುನೋವು ತಡೆಯುವ ಉಷ್ಣ ಕ್ರಿಯಾ ಯೋಜನೆಯನ್ನು ರೂಪಿಸಿತು. ಮುಂದೆ ಬಿಸಿಲು ಪ್ರತಿಫಲಿಸಲೆಂದು ಕೊಳೆಗೇರಿಗಳ ಸೂರಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಅದರ ಜೊತೆಗೂಡಿತು. ನಮ್ಮ ಓಣಿಗಳಲ್ಲಿ ಆ ಕೆಲಸವನ್ನು ಶಿವರಾತ್ರಿ ಕಳೆದೊಡನೆ ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಮೊದಲು ಪಟ್ಟಿ ಸಿದ್ಧವಾಗಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಮನೆಮನೆ ಸುತ್ತಬೇಕು. ಬೆಳಗಿನ ತಂಪಿನಲ್ಲಿ ಮಾಡಿದ ಸಮೀಕ್ಷೆ ಸುಳ್ಳು ಹೇಳುತ್ತದೆ. ಸೂರು ಯಾವುದು, ಕಿಟಕಿ ಇದೆಯೇ, ಒಂಟಿ ವೃದ್ಧರು, ಹಾಸಿಗೆ ಹಿಡಿದವರು, ಬಾಣಂತಿ, ಹಸುಗೂಸು ಇದ್ದಾರೆಯೇ ಎಂಬುದನ್ನು ಬರೆದುಕೊಂಡು, ಸುಣ್ಣದ ಸರದಿಯನ್ನು ಅದರಂತೆಯೇ ನಿಗದಿಪಡಿಸಬೇಕು. ಮುಖಂಡರ ಮನೆಯಿಂದ ಆರಂಭವಾದ ಕೆಲಸ ಓಣಿಯ ತುದಿ ಮುಟ್ಟುವಷ್ಟರಲ್ಲಿ ಸಾಮಗ್ರಿ ಮುಗಿದಿರುತ್ತದೆ. ಬಾಡಿಗೆ ಮನೆಯಾದರೆ, ಸೂರು ತಂಪಾಯಿತೆಂಬ ನೆಪದಲ್ಲಿ ಬಾಡಿಗೆ ಏರಿಸುವುದಿಲ್ಲವೆಂದು ಮಾಲೀಕರಿಂದ ಮೊದಲೇ ಬರೆಸಿಕೊಳ್ಳುವುದು ಮೇಲು.

ಸುಣ್ಣದ ಹರಳನ್ನು ಹಿಂದಿನ ದಿನವೇ ಕಬ್ಬಿಣದ ಪೀಪಾಯಿಯ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ ನೆನೆಯಬಿಡಬೇಕು. ಅದು ಕೊತಕೊತ ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ ಬಳಸಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಮರುದಿನ ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕಾಗಿ ಸ್ವಲ್ಪ ಫೆವಿಕಾಲ್ ಬೆರೆಸಿ, ಧೂಳು ತೊಳೆದು ತೇವ ಮಾಡಿದ ತಾರಸಿಗೆ ಬಿಸಿಲೇರುವ ಮುನ್ನ ಎರಡು ಮೂರು ಸಲ ತೆಳುವಾಗಿ ಬಳಿಯಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಪತ್ರಾಸಿನ ಮೇಲೆ ಸುಣ್ಣ ಬೇಗ ಉದುರುವುದರಿಂದ, ಸಂಗ್ರಹವಾದ ಹಣದಲ್ಲಿ ಬಿಸಿಲು ಪ್ರತಿಫಲಿಸುವ ಬಿಳಿ ಪೇಂಟನ್ನು ಆ ಮನೆಗಳಿಗೇ ಮೀಸಲಿಡಬೇಕು. ಸಿಮೆಂಟ್ ಶೀಟಿನ ಮೇಲೆ ಯಾರೂ ನೇರವಾಗಿ ಕಾಲಿಡಬಾರದು, ಅದು ಮುರಿಯುತ್ತದೆ. ಹಲಗೆ ಹಾಸಿಕೊಂಡೇ ಹತ್ತಬೇಕು.

ಅರವಟಿಗೆಯನ್ನು ದೇವಸ್ಥಾನದ ಮುಂದೆ ಇಡುವುದು ರೂಢಿ. ಪೌರಕಾರ್ಮಿಕರು ಕೆಲಸ ಮುಗಿಸುವ ತಿರುವಿನಲ್ಲಿ, ಹಮಾಲರು ನಿಲ್ಲುವ ಕಡೆ ಇಟ್ಟರೆ ನೀರು ಬೇಕಾದವರಿಗೆ ಸಿಗುತ್ತದೆ. ನೆರಳಿಗಾಗಿ ಬೇವು, ಹೊಂಗೆ ನೆಡುವುದು ಮಳೆಗಾಲದ ಕೆಲಸ.

ಕೋಣೆಯ ಉಷ್ಣಾಂಶ 40 ಡಿಗ್ರಿ ಮೀರಿದ ಮೇಲೆ ಫ್ಯಾನ್ ಮೈಗೆ ಬಿಸಿಗಾಳಿಯನ್ನೇ ತಳ್ಳುತ್ತದೆ. ಆಗ ವೃದ್ಧರನ್ನು ಪಟ್ಟಿಯಲ್ಲಿ ಮೊದಲೇ ಗುರುತಿಸಿಟ್ಟ ತಂಪಾದ ಮನೆಗೆ ಕರೆದೊಯ್ಯಬೇಕು. ಯಾರಾದರೂ ಮೈ ಸುಡುತ್ತಾ ಅಸಂಬದ್ಧವಾಗಿ ಮಾತಾಡತೊಡಗಿದರೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.