ಪರಂಗಿ, ಯವನ, ಕಪುಚಿನ್: ಹೆಸರಿನ ಬೇರು ಹುಡುಕುವ ಬಗೆ

ಜನಾಂಗದ್ದಾಗಲಿ ಸಂನ್ಯಾಸಿ ಸಂಘದ್ದಾಗಲಿ, ಹೆಸರಿನ ಅರ್ಥ ಊಹಿಸುವ ಮೊದಲು ಅದು ನಡೆದು ಬಂದ ದಾರಿಯನ್ನು ಬರೆದುಕೊಳ್ಳಿ. ಕಿಟೆಲ್ ಅವರ 1894ರ ನಿಘಂಟನ್ನೂ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಹಳೆಯ ಪ್ರಯೋಗಗಳಿಗೆ ಪರಿಷತ್ತಿನದೇ ಆಧಾರ.

‘ಪರಂಗಿ’ಯನ್ನು ‘ಪರ’ ಎಂದರೆ ಹೊರಗಿನವರು ಎಂದು ಒಡೆದರೆ ಅರ್ಥವೇನೋ ಕೂಡುತ್ತದೆ, ಉಳಿದ ‘ಂಗಿ’ಗೆ ಲೆಕ್ಕ ಸಿಗುವುದಿಲ್ಲ. ಪದದ ಒಂದು ಚೂರು ಮಿಕ್ಕರೂ ಆ ವ್ಯುತ್ಪತ್ತಿಯನ್ನು ಕೈಬಿಡಿ. ಈಗ ಧ್ವನಿ ಹಿಡಿದು ಹಿಂದಕ್ಕೆ ಹೋಗಿ. ಫಾರಸಿಯ ‘ಫ’ ನಮ್ಮ ಬಾಯಲ್ಲಿ ‘ಪ’ ಆಗುತ್ತದೆ: ಪರಂಗಿಯ ಹಿಂದೆ ಫಾರಸಿಯ ಫರಂಗಿ, ಅದರ ಹಿಂದೆ ಅರಬ್ಬಿಯ ಇಫ್ರಂಜ್, ಕೊನೆಗೆ ಫ್ರಾಂಕ್ ಎಂಬ ಜರ್ಮನ್ ಬುಡಕಟ್ಟು. ಅರಬರು ಪಶ್ಚಿಮ ಯುರೋಪಿನವರನ್ನೆಲ್ಲ ಹಾಗೆ ಕರೆದರು. ಪೋರ್ಚುಗೀಸರ ಜೊತೆ ಬಂದ ಹಣ್ಣಿಗೂ ಅದೇ ಹೆಸರು ಅಂಟಿತು.

ಸಂಘದ ಹೆಸರಾದರೆ ನಾಲ್ಕು ಪ್ರಶ್ನೆ ಕೇಳಿ: ಸ್ಥಾಪಕನದೇ, ಜಾಗದ್ದೇ, ಉಡುಪಿನದೇ, ಹೊರಗಿನವರು ಇಟ್ಟದ್ದೇ? ಕ್ರೈಸ್ತ ಸಂನ್ಯಾಸಿ ಸಂಘಗಳನ್ನೇ ನೋಡಿ: ಕಾರ್ಮಲೈಟ್ ಎಂಬುದು ಕಾರ್ಮೆಲ್ ಬೆಟ್ಟದ್ದು. ಕಪುಚಿನ್ ಇಟಾಲಿಯನ್ನಿನ ‘ಕಪ್ಪುಚ್ಚೊ’, ಅಂದರೆ ಕುಲಾವಿ. ನಮ್ಮ ದಿಗಂಬರ, ಶ್ವೇತಾಂಬರಗಳೂ ಉಡುಪಿನ ಹೆಸರುಗಳೇ. 1540ರಲ್ಲಿ ಪೋಪರ ಒಪ್ಪಿಗೆ ಪಡೆದವರು ತಮ್ಮನ್ನು ಯೇಸುಸಭೆ ಎಂದುಕೊಂಡರು. ‘ಜೆಸ್ವಿಟ್’ ಮೊದಮೊದಲು ಹೊರಗಿನವರ ಹೀಗಳಿಕೆ.

ಸ್ಥಾಪಕನ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. 1209ರಲ್ಲಿ ತನ್ನ ಸಂಘ ಕಟ್ಟಿದ ಅಸಿಸಿಯ ಫ್ರಾನ್ಸಿಸನಿಗೆ ದೀಕ್ಷಾಸ್ನಾನದ ಹೆಸರು ಜೊವಾನ್ನಿ. ಬಟ್ಟೆ ವ್ಯಾಪಾರಿಯಾದ ತಂದೆ ಅವನನ್ನು ಫ್ರಾಂಚೆಸ್ಕೊ, ‘ಫ್ರಾನ್ಸಿನವ’ ಎಂದು ಕರೆದ. ಫ್ರಾನ್ಸ್ ಎಂಬುದೂ ಫ್ರಾಂಕರ ನಾಡೇ. ಹಾಗಾಗಿ ಪರಂಗಿ ಹಣ್ಣಿಗೂ ಫ್ರಾನ್ಸಿಸ್ಕನ್ ಸಂನ್ಯಾಸಿಗೂ ಬೇರು ಒಂದೇ! ಡೊಮಿನಿಕನ್ನರಿಗೆ ‘ದೋಮಿನಿ ಕಾನೆಸ್’, ದೇವರ ನಾಯಿಗಳು, ಎಂಬ ಅರ್ಥ ಹೇಳುವವರಿದ್ದಾರೆ. ಅದು ಆಮೇಲೆ ಹುಟ್ಟಿದ ಶ್ಲೇಷೆ. ಸ್ಥಾಪಕ ಡೊಮಿನಿಕನ ಹೆಸರಿಗೆ ‘ಒಡೆಯನಿಗೆ ಸೇರಿದವ’ ಎಂದಷ್ಟೇ ಅರ್ಥ.

ಹೆಚ್ಚು ಜನ ಎಡವುವುದು ಕಾಲದಲ್ಲಿ. ‘ಯವನ’ದ ಬೇರು ಅಯೋನಿಯ, ಇಂದಿನ ತುರ್ಕಿಯ ಪಶ್ಚಿಮ ಕರಾವಳಿ, ಅಶೋಕನ 13ನೇ ಶಿಲಾಶಾಸನದ ‘ಯೋನ’ ಎಂದರೆ ಗ್ರೀಕರು. ಆದರೆ ಕೃಷ್ಣದೇವರಾಯನ ‘ಯವನರಾಜ್ಯಸ್ಥಾಪನಾಚಾರ್ಯ’ ಬಿರುದಿನಲ್ಲಿ ಗ್ರೀಕರಿಲ್ಲ; ಅಲ್ಲಿರುವುದು ಬಹಮನಿ ಸುಲ್ತಾನರ ರಾಜ್ಯ. ಇನ್ನು ಹಳಗನ್ನಡದಲ್ಲಿ ‘ಜವನ’ ಕಂಡರೆ ಯವನನೆಂದು ಓದಬೇಡಿ. ಯುಗ ಜುಗವಾದಂತೆ ಯಮ ಜವನಾಗಿದ್ದಾನೆ.